ರವದಿ ಹೊದಿಸಿದ ಹೊಲ

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಹಳಿಯಾಳದ ಸುತ್ತ ಶಿವರಾತ್ರಿ ಕಳೆಯುವ ಹೊತ್ತಿಗೆ ಎಲ್ಲರ ಹೊಲದಲ್ಲೂ ಅದು ಮೊಣಕಾಲುದ್ದ ಬಿದ್ದಿರುತ್ತದೆ, ಎಲ್ಲರೂ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಎರಡು ವಾರ ಊರಿನ ಮೇಲೆ ಹೊಗೆ ನಿಂತಿರುತ್ತದೆ, ಒಗೆದು ಹಾಕಿದ ಬಟ್ಟೆಯ ಮೇಲೆ ಕರಿ ಚೂರು ಉದುರುತ್ತಿರುತ್ತವೆ. ನಾನೊಬ್ಬ ಹಚ್ಚುತ್ತಿರಲಿಲ್ಲ. ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಹಚ್ಚುವವರ ಹೊಲಕ್ಕೇ ಹೋಗಿ, ಅವರ ಕೈಯ ಕಡ್ಡಿಪೆಟ್ಟಿಗೆ ನೋಡುತ್ತಾ ಮಣ್ಣಿನ ಬಗ್ಗೆ ಭಾಷಣ ಬಿಗಿದು, ಕೊನೆಗೆ ಅವರ ರವದಿಯನ್ನೂ ಬೇಡಿ ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಬರುತ್ತಿದ್ದೆ. ಪುಕ್ಕಟೆ ಸಿಕ್ಕ ಕಸವನ್ನು ಬಂಗಾರ ಹೊತ್ತುಕೊಂಡು ಬಂದಂತೆ ತರುತ್ತಾನೆ ಎಂದು ಊರಿನವರು ನಗುತ್ತಿದ್ದರು. ಅವರು ನಕ್ಕಷ್ಟೂ ನನಗೆ ಹುರುಪು ಬರುತ್ತಿತ್ತು.

ಆ ರವದಿಯಿಂದ ನನ್ನ ಹೆಂಡತಿಯ ಎಡಗಾಲಿಗೆ ಆದದ್ದನ್ನು ಬರೆಯಲು ಕೂತಿದ್ದೇನೆ. ಅದು ಆದದ್ದು ನನ್ನಿಂದ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಅವಳು ಏನು ತಿಳಿದಿದ್ದಾಳೆ ಅನ್ನುವುದು ಗೊತ್ತಾಗಲಿಕ್ಕೆ ಒಂದು ವರ್ಷ ಬೇಕಾಯಿತು. ಅವಳು ನನ್ನನ್ನು ಬೈಯಲಿಲ್ಲ. ಬೈಯದೆ ಇದ್ದದ್ದನ್ನು ನಾನು ಕೆಲವು ದಿನ ಕ್ಷಮೆ ಅಂದುಕೊಂಡೆ, ಕೆಲವು ದಿನ ಶಿಕ್ಷೆ ಅಂದುಕೊಂಡೆ.

ಹೊಲ ಅವಳದು. ಅವಳ ತಂದೆಗೆ ಅವಳೊಬ್ಬಳೇ ಮಗಳು, ಹಾಗಾಗಿ ಎರಡು ಎಕರೆ ಚಿಲ್ಲರೆ ಅವಳ ಪಾಲಿಗೆ ಬಂತು. ಹಳಿಯಾಳದಿಂದ ಮುಂಡಗೋಡಿನ ಕಡೆ ಹೋಗುವ ದಾರಿಯಿಂದ ಒಂದಿಷ್ಟು ಒಳಗೆ, ಮೂರು ಕಡೆ ಕಬ್ಬಿನ ಹೊಲ, ಒಂದು ಕಡೆ ಸಾಗವಾನಿ ಗಿಡಗಳು. ಅವಳು ನಡೆಯಲು ಕಲಿತದ್ದೇ ಅಲ್ಲಿನ ಬದುವಿನ ಮೇಲೆ. ನಾನು ಧಾರವಾಡ ಜಿಲ್ಲೆಯ ಊರೊಂದರಿಂದ ಬಂದವನು. ಇಪ್ಪತ್ತೆಂಟು ವರ್ಷ ದಾಂಡೇಲಿಯಲ್ಲಿ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೂತು, ಯಾವ ನಟ್ಟು ಯಾವ ಖಾನೆಯಲ್ಲಿ ಇರಬೇಕು ಎಂದು ಹೇಳಿ ಹೊಟ್ಟೆ ಹೊರೆದುಕೊಂಡವನು. ಕೆಲಸ ಬಿಟ್ಟ ವರ್ಷ ಐದು ದಿನದ ಒಂದು ಶಿಬಿರಕ್ಕೆ ಹೋದೆ. ಅಲ್ಲಿ ರಾಸಾಯನಿಕ ಇಲ್ಲದೆ, ನೆಲ ಅಗೆಯದೆ, ನೆಲವನ್ನು ಬೆತ್ತಲೆ ಬಿಡದೆ ಬೇಸಾಯ ಮಾಡುವುದನ್ನು ಹೇಳಿಕೊಟ್ಟರು. ಐದು ದಿನದಲ್ಲಿ ಕಲಿತದ್ದನ್ನು ಹುಟ್ಟಿದಾಗಿನಿಂದ ಹೊಲ ಕಂಡವಳಿಗೆ ಮರುದಿನದಿಂದಲೇ ಕಲಿಸಲು ಶುರು ಮಾಡಿದೆ. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಒಂದಿಷ್ಟೂ ಆಗಲಿಲ್ಲ.

ಸುಳ್ಳು ಹೇಳಬಾರದು, ಹೊಲ ಸುಧಾರಿಸಿತು. ಎರಡನೆಯ ಬೇಸಿಗೆಗೆ ರವದಿ ಸರಿಸಿದರೆ ಅಡಿಯಲ್ಲಿ ಮಣ್ಣು ತಣ್ಣಗೆ, ಕರ್ರಗೆ, ಹುಡಿಹುಡಿಯಾಗಿ ಕೈಗೆ ಸಿಗುತ್ತಿತ್ತು. ಎರೆಹುಳು ಹೊರಳಾಡುತ್ತಿದ್ದವು. ಪಕ್ಕದ ಹೊಲದವರು ವಾರಕ್ಕೊಮ್ಮೆ ನೀರು ಹಾಯಿಸಿದರೆ ನಮಗೆ ಹದಿನೈದು ದಿನಕ್ಕೊಮ್ಮೆ ಸಾಕಾಗುತ್ತಿತ್ತು. ಅತ್ತಿವೇರಿ ಕೆರೆಯ ಕಡೆಯಿಂದ ಬರುವ ಬೆಳ್ಳಕ್ಕಿಗಳು ಉಳಿದವರ ಹೊಲ ಬಿಟ್ಟು ನಮ್ಮಲ್ಲೇ ಇಳಿಯುತ್ತಿದ್ದವು. ಇದೆಲ್ಲ ನಿಜ. ನಿಜ ಇದ್ದುದರಿಂದಲೇ ನನ್ನ ಬಾಯಿಗೆ ಬೀಗ ಇರಲಿಲ್ಲ.

ಕೆಲಸ ಹೆಚ್ಚಾಗಿ ಅವಳದು, ಮಾತು ಹೆಚ್ಚಾಗಿ ನನ್ನದು. ನೀಲಿ ಡ್ರಮ್ಮಿನಲ್ಲಿ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಹಾಕಿ ನೀರು ತುಂಬಿ ಜೀವಾಮೃತ ಮಾಡುತ್ತಿದ್ದೆವು. ಅದನ್ನು ಮುಂಜಾನೆ ಸಂಜೆ ಬಡಿಗೆಯಿಂದ ಬಲಕ್ಕೇ ತಿರುವಬೇಕು. ಅವಳು ಒಮ್ಮೆ ಮೈಮರೆತು ಎಡಕ್ಕೆ ತಿರುವಿದಾಗ ನಾನು ಒಂದು ತಾಸು ಬಿಡದೆ ಗೊಣಗಿದ್ದೇನೆ. ಸ್ಟೋರಿನ ಚಾಳಿ. ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ನಿಯಮ ಬರೆದಿಟ್ಟಿದ್ದೆ. ನೆಲ ಅಗೆಯಬಾರದು. ಹೊದಿಕೆ ಕೆದರಬಾರದು. ಚಪ್ಪಲಿ ಹಾಕಿಕೊಂಡು ಒಳಗೆ ಬರಬಾರದು.

ಕೊನೆಯದನ್ನು ಶಿಬಿರದಲ್ಲಿ ಯಾರೂ ಹೇಳಿರಲಿಲ್ಲ, ಅದು ನನ್ನ ಸ್ವಂತದ್ದು. ನಮ್ಮ ಕಡೆ ರಾಶಿ ಮಾಡುವ ಕಣದಲ್ಲಿ ಚಪ್ಪಲಿ ಮೆಟ್ಟುವುದಿಲ್ಲ. ಕಾಳು ಬೀಳುವ ಜಾಗ, ಬದುವಿನಾಚೆ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡು ಒಳಗೆ ಹೋಗುತ್ತಾರೆ. ನಾನು ಅದನ್ನು ಹಿಗ್ಗಿಸಿ ಇಡೀ ಹೊಲಕ್ಕೆ ಹಾಕಿದೆ. ಈ ಮಣ್ಣಿಗೆ ಜೀವ ಬಂದಿದೆ, ತಾಯಿಯ ಮೈ ಮೇಲೆ ಟೈರಿನ ಚಪ್ಪಲಿ ಹಾಕಿಕೊಂಡು ಓಡಾಡುತ್ತೀಯಾ ಎಂದು ಕೇಳಿದೆ.

"ನಮ್ಮಪ್ಪ ಕಣದಾಗ ಅಷ್ಟ ಬಿಡತಿದ್ದ," ಅಂದಳು ಅವಳು. "ಹೊಲದಾಗ ಬಿಡತಿರಲಿಲ್ಲ. ಮುಳ್ಳು, ಹುಳಾ ಹುಪ್ಪಡಿ ಇರತಾವಂತ."

"ನಿಮ್ಮಪ್ಪ ಯೂರಿಯಾ ಸುರಿದಾಂವ. ಅವನ ಹೊಲ ಸತ್ತ ಹೊಲ. ಸತ್ತದ್ದರ ಮ್ಯಾಲೆ ಚಪ್ಪಲಿ ಹಾಕಿದ್ರೇನು, ಬಿಟ್ರೇನು?"

ತೀರಿಹೋದ ತಂದೆಯ ಬಗ್ಗೆ ಹಾಗೆ ಅನ್ನಬಾರದಿತ್ತು. ಮರುದಿನದಿಂದ ಚಪ್ಪಲಿಯನ್ನು ಶೆಡ್ಡಿನ ಹತ್ತಿರ ಬಿಟ್ಟು ಬರತೊಡಗಿದಳು. ಅವಳದು ಇನ್ನೊಂದು ರೂಢಿ ಇತ್ತು. ರವದಿಯೊಳಗೆ ಕಾಲಿಡುವ ಮೊದಲು ಉದ್ದನೆಯ ಕೋಲಿನಿಂದ ಮುಂದೆ ಮುಂದೆ ಬಡಿಯುತ್ತಾ ಹೋಗುವುದು. ಅದರಿಂದ ಹೊದಿಕೆ ಪುಡಿಯಾಗುತ್ತದೆ, ಒಳಗಿನ ಜೀವಗಳು ಬೆದರುತ್ತವೆ ಎಂದು ಅದನ್ನೂ ಬಿಡಿಸಿದೆ.

ಹೋದ ವರ್ಷ ಹೋಳಿ ಹುಣ್ಣಿಮೆ ಆದ ವಾರ ಬಾಜೂ ಹೊಲದ ಕಾಕಾ ತಮ್ಮ ರವದಿಗೆ ಬೆಂಕಿ ಹಚ್ಚಿದರು. ಎಪ್ಪತ್ತು ದಾಟಿದ ಮನುಷ್ಯ, ನನ್ನ ಮಾವನ ಜೊತೆ ಬೆಳೆದವರು. ನನ್ನ ಹೆಂಡತಿ ಚಿಕ್ಕಂದಿನಿಂದ ಅವರನ್ನು ಕಾಕಾ ಎಂದೇ ಕರೆಯುತ್ತಾಳೆ, ನಾನೂ ಅದನ್ನೇ ಹಿಡಿದೆ. ಊರಿನ ಅಳಿಯನೆಂದು ಅವರು ನನಗೆ ಮರ್ಯಾದೆ ಕೊಡುತ್ತಿದ್ದರು. ಆ ಮರ್ಯಾದೆಯನ್ನೇ ಬಳಸಿಕೊಂಡು ನಾನು ಬದುವಿನ ಮೇಲೆ ನಿಂತು ಅವರಿಗೆ ಬುದ್ಧಿ ಹೇಳಿದೆ. ಎಷ್ಟು ಎರೆಹುಳು ಸುಟ್ಟಿರಿ, ಎಷ್ಟು ಗೊಬ್ಬರ ಹೊಗೆ ಮಾಡಿದಿರಿ, ನಿಮ್ಮ ಮೊಮ್ಮಕ್ಕಳಿಗೆ ಬೂದಿ ಬಿಟ್ಟು ಹೋಗುತ್ತೀರಾ ಎಂದೆಲ್ಲ. ಕಾಕಾ ಬೀಡಿ ಹಚ್ಚಿಕೊಂಡು ಪೂರ್ತಿ ಕೇಳಿದರು.

"ಖರೇ ಅಳಿಯಾರ," ಅಂದರು. "ಆದ್ರ ನನಗ ಈ ವಯಸ್ಸಿನ್ಯಾಗ ಇದರಾಗ ಕಾಲಿಡಾಕ ಅಂಜಿಕಿ ಬರ್ತದ."

ಮುದುಕನ ಪುಕ್ಕಲುತನ ಎಂದು ನಾನು ಮನೆಗೆ ಬಂದು ನಕ್ಕೆ.

ನಾಲ್ಕಾರು ದಿನದಲ್ಲಿ ನಮ್ಮ ಸುತ್ತಲಿನ ಮೂರೂ ಹೊಲ ಸುಟ್ಟು ಕರ್ರಗಾದವು. ನಮ್ಮದೊಂದೇ ಹೊಂಬಣ್ಣದ ಹೊದಿಕೆ ಹೊದ್ದು ಉಳಿಯಿತು. ಆಗ ನಮ್ಮ ಹೊಲದಲ್ಲಿ ಓಡಾಟ ಹೆಚ್ಚಾಯಿತು. ಕೌಜುಗ ಹಕ್ಕಿಗಳು ಬಂದವು. ಇಲಿಗಳು ಹಗಲಿನಲ್ಲೇ ರವದಿಯ ಅಡಿ ಸರಸರ ಹರಿದಾಡತೊಡಗಿದವು. ಒಂದು ಮುಂಗುಸಿ ಎರಡು ಸಲ ಕಾಣಿಸಿತು. ನನಗೋ ಕುಣಿಯುವಷ್ಟು ಖುಷಿ. "ನೋಡು," ಎಂದು ಹೆಂಡತಿಗೆ ಹೇಳಿದೆ, "ಎಲ್ಲಾ ಜೀವಾನೂ ನಮ್ಮಲ್ಲಿಗೇ ಬರಾಕತ್ತಾವು."

"ಎಲ್ಲಾನೂ ಬರ್ತಾವರಿ," ಅಂದಳು.

ಯುಗಾದಿಗೆ ಇನ್ನು ಮೂರು ದಿನ ಇತ್ತು. ನಮ್ಮ ಹೊಲದಲ್ಲೂ ಕಡಿದ ಕಬ್ಬಿನ ಕುಳೆ ಚಿಗುರುತ್ತಿತ್ತು. ಸಾಲಿನ ನಡುವೆ ಅಲಸಂದಿ ಊರಬೇಕಿತ್ತು. ದಿನಾ ಸಂಜೆ ನಾನು ಮರುದಿನದ ಬೀಜಕ್ಕೆ ಸಗಣಿ, ಗಂಜಲ, ಸುಣ್ಣದ ನೀರು ಸವರಿ ನೆರಳಲ್ಲಿ ಹರಡುತ್ತಿದ್ದೆ. ರವದಿಯನ್ನು ಕೈಯಿಂದ ಅಗಲಿಸಿ, ಸಲಾಕೆಯಿಂದ ತೂತು ಮಾಡಿ, ಎರಡೆರಡು ಕಾಳು ಹಾಕಿ, ಮತ್ತೆ ರವದಿ ಮುಚ್ಚಿ ಮುಂದಕ್ಕೆ ಹೆಜ್ಜೆ ಇಡಬೇಕು. ಸೊಂಟ ಮುರಿಯುವ ಕೆಲಸ, ಅವಳಿಗೆ ಕೈ ಕುದುರಿತ್ತು. ಮೂರು ದಿನದಿಂದ ಮಾಡುತ್ತಿದ್ದಳು.

ಅವತ್ತು ಮುಂಜಾನೆ ಪಡುವಣ ಬದುವಿನ ಸಾಲು ಮುಗಿಸು ಎಂದು ಹೇಳಿದೆ.

"ಆ ಕಡಿ ನಾಳಿ ಮಾಡೂಣ್ರಿ," ಅಂದಳು. "ಇವತ್ತ ಬಾವಿ ಕಡಿ ಹಾಕ್ತೇನಿ."

"ನಾಳಿ ನಾಳಿ ಅಂದ್ರ ಬೀಜ ಕಾಯ್ತಾವೇನು? ನಿಂದು ಯಾವಾಗಲೂ ಉಲ್ಟಾನ. ಅರ್ಧಾ ಸಾಲು ಬಿಟ್ಟು ಇನ್ನೊಂದು ಕಡಿ ಯಾಕ ಹೋಗಬೇಕು?"

ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೋದಳು. ನಾನು ಶೆಡ್ಡಿನ ಮುಂದೆ ಡ್ರಮ್ ತಿರುವುತ್ತಾ ನಿಂತೆ. ಬಿಸಿಲು ಇನ್ನೂ ಏರಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು. "ರೀ" ಎಂದಳು. ಚೀರಲಿಲ್ಲ. ಹಾಲು ಉಕ್ಕಿದರೆ ಒಳಗಿನಿಂದ ಕರೆಯುತ್ತಾಳಲ್ಲ, ಅಷ್ಟೇ ದನಿ. ಎರಡನೆಯ ಸಲವೂ ಕರೆದಳು. ನಾನು ತಿರುಗಿ ನೋಡದೆ ಬಡಿಗೆ ತಿರುವುತ್ತಲೇ, "ಒಂದು ಸಾಲು ಮುಗಸಾಕ ಎಷ್ಟು ಸಲ ಕರೀತಿ?" ಅಂದೆ. ಮೂರನೆಯ ಸಲ ಕರೆಯಲಿಲ್ಲ. ತಿರುಗಿ ನೋಡಿದಾಗ ಅವಳು ಎಡಗಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ರವದಿಯ ಮೇಲೆ ಕುಳಿತಿದ್ದಳು.

ಹಾವನ್ನು ನಾನು ನೋಡಲಿಲ್ಲ. ಬದುವಿನಾಚೆ ಇದ್ದ ಕಾಕಾ ನೋಡಿದರು. ಮಾರುದ್ದದ ದಪ್ಪ ಕೊಳಕುಮಂಡಲ, ಮೈಮೇಲೆ ಕಂದು ಬಿಲ್ಲೆಗಳು. ರವದಿಯ ಮೇಲೆ ಮಲಗಿದರೆ ರವದಿಯೇ. ಅವಳ ಕಾಲಿನ ಹರಡಿನ ಮೇಲೆ ಎರಡು ತೂತು, ನೋಡುತ್ತಿದ್ದ ಹಾಗೆ ಸುತ್ತ ಊದತೊಡಗಿತು. ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೆ ಆಗ ಮೊದಲು ಹೊಳೆದದ್ದು ಸಗಣಿ ಹಚ್ಚೋಣ ಎಂದು. ಆ ಡ್ರಮ್ಮಿನಲ್ಲಿ ಎಲ್ಲಕ್ಕೂ ಮದ್ದು ಇದೆ ಎಂದು ಎಷ್ಟು ಸಲ ಹೇಳಿದ್ದೆನೋ, ನಾನೇ ನಂಬಿಬಿಟ್ಟಿದ್ದೆ. ಬೊಗಸೆ ತುಂಬಿಕೊಂಡು ಓಡಿದೆ. ಅಷ್ಟರಲ್ಲಿ ಬದು ದಾಟಿ ಬಂದಿದ್ದ ಕಾಕಾ ನನ್ನ ಕೈ ತಟ್ಟಿ ಚೆಲ್ಲಿಸಿದರು.

"ಗಾಡಿ ತಗೀರಿ ಅಳಿಯಾರ," ಅಂದರು. "ಮಗಳ, ನೀ ಕಾಲು ಅಲ್ಲಾಡಸಬ್ಯಾಡ."

ಮೋಟರ್ ಸೈಕಲ್ಲಿನ ಮೇಲೆ ಮೂವರು ಹೊರಟೆವು. ಮುಂದೆ ನಾನು, ನಡುವೆ ಅವಳು, ಹಿಂದೆ ಅವಳನ್ನು ತಬ್ಬಿ ಹಿಡಿದ ಕಾಕಾ. ಹಳಿಯಾಳಕ್ಕೆ ಅರ್ಧ ತಾಸಿನ ದಾರಿ. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾನು ಮಾತಾಡಿದೆ. ಏನೂ ಆಗೂದಿಲ್ಲ, ಏನೂ ಆಗೂದಿಲ್ಲ ಎಂದು ಎಷ್ಟು ಸಲ ಹೇಳಿದೆನೋ. ಬಸ್ ಸ್ಟ್ಯಾಂಡಿನ ಹತ್ತಿರ ಕಾಕಾ ಹಿಂದಿನಿಂದ, "ಸುಮ್ಮನ ಓಡಸ್ರಿ," ಅಂದರು.

ದವಾಖಾನೆಯಲ್ಲಿ ನರ್ಸು ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ಹಾಕಿ ಮೇಜಿನ ಮೇಲೆ ನಿಲ್ಲಿಸಿದಳು. ಇಪ್ಪತ್ತು ನಿಮಿಷ ಬಿಟ್ಟು ಬಾಗಿಸಿ ನೋಡಿದಳು. ರಕ್ತ ಹೆಪ್ಪುಗಟ್ಟಿರಲಿಲ್ಲ, ನೀರಿನಂತೆ ಹರಿಯಿತು. ಆ ಹೊತ್ತಿಗೆ ನನ್ನ ಹೆಂಡತಿಯ ಹಲ್ಲಿನ ಸಂದಿಯಲ್ಲಿ ಕೆಂಪು ಕಾಣಿಸಿತು. ಔಷಧ ಶುರು ಮಾಡಿ, ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಳಿಸಿದರು. ಅಂಬುಲೆನ್ಸಿನಲ್ಲಿ ಧಾರವಾಡ ದಾಟುವಾಗ ಅವಳ ಕಾಲು ಮೊಣಕಾಲಿನವರೆಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಹರಡಿನ ಕೆಳಗೆ ಅಂಟಿಕೊಂಡಿದ್ದ ಒಂದು ರವದಿಯ ಚೂರನ್ನು ಕಿತ್ತು ತೆಗೆದೆ. ಎಲ್ಲಿ ಎಸೆಯಬೇಕು ತಿಳಿಯದೆ ಅಂಗಿಯ ಕಿಸೆಗೆ ಹಾಕಿಕೊಂಡೆ.

ಯುಗಾದಿ ದವಾಖಾನೆಯ ಮೊಗಸಾಲೆಯಲ್ಲಿ ಕಳೆಯಿತು. ಯಾರೋ ರೋಗಿಯ ಕಡೆಯವರು ನನ್ನ ಅಂಗೈಗೂ ಒಂದಿಷ್ಟು ಬೇವುಬೆಲ್ಲ ಹಾಕಿದರು. ಅವಳ ಮೂತ್ರ ನಿಂತುಹೋಗಿತ್ತು. ಮೂರು ವಾರ ದಿನ ಬಿಟ್ಟು ದಿನ ಡಯಾಲಿಸಿಸ್ ಮಾಡಿದರು. ಬದುಕುತ್ತಾಳೆ ಎಂದು ಹೇಳಿದ ದಿನವೇ ಕಾಲಿನ ವಿಷಯ ಹೇಳಿದರು. ಎಡಗಾಲಿನ ಮೂರು ಬೆರಳು ತೆಗೆದರು. ಮೀನಖಂಡದಲ್ಲಿ ಕೊಳೆತ ಮಾಂಸ ಕೆರೆದು, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಿದರು. ಪಟ್ಟಿ ಬಿಚ್ಚುವಾಗ ನಾನು ಹೊರಗೆ ಹೋಗುತ್ತಿದ್ದೆ. ಒಂದು ದಿನ ಹೊರಗೆ ಹೋಗಲಿಲ್ಲ, ನೋಡಿದೆ. ಅಂಥದ್ದನ್ನು ನೋಡಿದ ಮೇಲೆ ಜೀವ, ಮಣ್ಣು, ತಾಯಿ ಎಂಬ ಮಾತುಗಳನ್ನು ಬಾಯಿಗೆ ತಂದುಕೊಳ್ಳುವುದು ಕಷ್ಟ.

ಮನೆಗೆ ಬಂದದ್ದು ಮಳೆಗಾಲ ಹತ್ತಿರ ಬಂದಾಗ. ನೋಡಲು ಬಂದವರೆಲ್ಲ ಹಣೆಬರಹ ಅಂದರು. ಹುತ್ತಕ್ಕೆ ಹಾಲೆರೆಯಲು ಹೇಳಿದರು. ನನ್ನ ಕಡೆ ಬೆರಳು ತೋರಿಸುವವರು ಯಾರೂ ಇರಲಿಲ್ಲ, ಅದನ್ನು ನನಗೆ ತಡೆಯಲಾಗಲಿಲ್ಲ. ಒಂದು ದಿನ ಕಾಕಾನ ಮುಂದೆ ಎಲ್ಲ ಒದರಿಬಿಟ್ಟೆ. ಚಪ್ಪಲಿ ಬಿಡಿಸಿದವನು ನಾನು, ಕೋಲು ಬಿಡಿಸಿದವನು ನಾನು, ಊರ ರವದಿಯನ್ನೆಲ್ಲ ತಂದು ಪೇರಿಸಿದವನು ನಾನು ಎಂದೆ. ಕಾಕಾ ಕೈಯಲ್ಲಿದ್ದ ಬೀಡಿಯನ್ನು ನೆಲಕ್ಕೆ ತಿಕ್ಕಿ ಆರಿಸಿದರು.

"ನಾವು ಸುತ್ತಲೂ ಹಚ್ಚಿದಿವಿ. ನೀವು ಹಚ್ಚಲಿಲ್ಲ," ಅಂದರು. "ಹಾವಾದ್ರೂ ಎಲ್ಲಿ ಹೋಗಬೇಕಿತ್ತು ಹೇಳ್ರಿ?"

ಅರ್ಧ ತಪ್ಪನ್ನು ತಮ್ಮ ಹೆಗಲಿಗೆ ತೆಗೆದುಕೊಂಡರು ಆ ಹಿರಿಯರು. ನನಗೆ ಅದರಿಂದ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. ಈಗಲೂ ಯಾಕೆಂದು ಸರಿಯಾಗಿ ಹೇಳಲಾರೆ.

ಈ ವರ್ಷ ಮತ್ತೆ ಶಿವರಾತ್ರಿ ಬಂತು, ಮತ್ತೆ ಹೊಗೆ ಎದ್ದಿತು. ನಾನು ಯಾರ ಹೊಲಕ್ಕೂ ಹೋಗಿ ಮಾತಾಡಲಿಲ್ಲ. ನಮ್ಮ ರವದಿಗೆ ಬೆಂಕಿಯನ್ನೂ ಹಚ್ಚಲಿಲ್ಲ. ಕೂಲಿಯವರನ್ನು ಕರೆದು ಸಾಲು ಬಿಟ್ಟು ಸಾಲು ತೆಳ್ಳಗೆ ಹರಡಿಸಿ, ಓಡಾಡುವ ದಾರಿಯನ್ನು ಬರಿ ನೆಲವಾಗಿ ಬಿಟ್ಟೆ. ಶಿಬಿರದವರು ಒಪ್ಪದ, ಊರಿನವರೂ ಒಪ್ಪದ ಬೇಸಾಯ. ಅವಳು ಬರುತ್ತೇನೆ ಎಂದು ಹಟ ಹಿಡಿದಳು. ಊರುಗೋಲು ಹಿಡಿದು ಬದುವಿನವರೆಗೆ ಬಂದಳು. ಮಾವಿನ ಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಮರದಲ್ಲಿ ಗಜ್ಜುಗದಷ್ಟು ಕಾಯಿ ಕಚ್ಚಿತ್ತು. ಮೊರದಲ್ಲಿ ಅಲಸಂದಿ ಹಾಕಿಕೊಂಡು ಹುಳುಕು ಆರಿಸುತ್ತಾ ಕೂತಳು. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ನಿನಗ ನನ್ನ ಮ್ಯಾಲೆ ಸಿಟ್ಟು ಐತೇನು?"

ಅವಳು ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಹಿಂದಿನ ದಿನಾನ ನಾ ಅದನ್ನ ನೋಡಿದ್ದೆರಿ," ಅಂದಳು.

"ಯಾವದನ್ನ?"

"ಹಾವನ್ನ. ಅದ ಪಡುವಣ ಬದುವಿನ ಸಾಲಿನಾಗ. ಮೊದ್ಲ ಸಪ್ಪಳ ಕೇಳ್ತು, ಕುಕ್ಕರ್ ಸೀಟಿ ಹೊಡಿಯೂಕ್ಕಿಂತ ಮೊದ್ಲ ಸುಂಯ್ ಅಂತದಲ್ಲ, ಹಂಗ. ಆಮ್ಯಾಲ ಬಾಲ ಕಾಣಿಸ್ತು. ಅದಕ್ಕ ಆ ಸಾಲು ಅರ್ಧಾ ಬಿಟ್ಟು ಬಂದಿದ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮಾತಾಡಾಕ ಸುರು ಮಾಡತಿದ್ರಿ. ಹಾವು ರೈತನ ಗೆಳೆಯ, ಇಲಿ ತಿಂತದ, ನಾವ ಅದರ ಜಾಗಾದಾಗ ಬಂದೀವಿ ಅಂತ. ಒಂದು ತಾಸು ಆದ್ರೂ ಬಿಡತಿದ್ದಿಲ್ಲ." ಅವಳ ದನಿಯಲ್ಲಿ ಚುಚ್ಚುವ ಧಾಟಿ ಇರಲಿಲ್ಲ, ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅವತ್ತ ನನಗ ತಲಿ ಸಿಡೀತಿತ್ತರಿ. ಕೇಳೂ ತ್ರಾಣ ಇದ್ದಿಲ್ಲ."

ಅವಳು ಹೇಳಿದ ಒಂದೊಂದು ಮಾತನ್ನೂ ನಾನು ಹಾಗೇ ಆಡುತ್ತಿದ್ದೆ. ಅದೇ ಕ್ರಮದಲ್ಲಿ ಆಡುತ್ತಿದ್ದೆ. ಅವಳಿಗೆ ಅವು ಬಾಯಿಪಾಠ ಆಗಿದ್ದವು.

"ಹಂಗಾರ ಮರುದಿನ ಮುಂಜಾನೆ ಮತ್ತ ಆ ಸಾಲಿಗೆ ಯಾಕ ಹೋದಿ?" ಎಂದು ಕೇಳಿದೆ. ಕೇಳಬಾರದಿತ್ತು. ಉತ್ತರ ನನಗೇ ಗೊತ್ತಿತ್ತು.

ಅವಳು ಮೊರದಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಇಷ್ಟು ಸಣ್ಣದು ತಿಳಿಯುವುದಿಲ್ಲವೇ ಎಂಬಂತೆ ನೋಡಿದಳು.

"ನೀವು ಹೋಗಂದ್ರಿ," ಅಂದಳು.